ಎಡಗಡೆಯ ಮೂರು ಪಕ್ಕೆಲುಬು

ಜನವರಿ ೬, ೧೯೫೮, ಸೋಮವಾರ

ಹನುಮಯ್ಯ ಬಲಗೈ ಮುರಿದುಕೊಂಡಿದ್ದಾನೆ. ಮಣಿಕಟ್ಟು, ಜೊತೆಗೆ ಎರಡು ಬೆರಳು. ಮೂರು ವರ್ಷದಿಂದ ಇವನು ಎಲ್ಲಿ ಆಕಾಶದಿಂದ ಬೀಳುತ್ತಾನೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಬಿದ್ದದ್ದು ಮಾಗಡಿ ರಸ್ತೆಯಲ್ಲಿ, ಸೈಕಲ್ಲಿನಿಂದ, ಎಮ್ಮೆಯೊಂದು ಅಡ್ಡ ಬಂದು.

ಆರು ವಾರ ಪ್ಲಾಸ್ಟರ್ ತೆಗೆಯುವ ಹಾಗಿಲ್ಲವಂತೆ. ಡಾಕ್ಟರು ಹಾಗೆಂದಾಗ ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ತಮ್ಮನ ಕೈ ಮುರಿದದ್ದಕ್ಕೆ ಕೈ ಮುಗಿದ ಅಕ್ಕ ಈ ರಾಜಾಜಿನಗರದಲ್ಲಿ ನಾನೊಬ್ಬಳೇ ಇರಬೇಕು. ಇದನ್ನು ಯಾರೂ ಓದುವುದಿಲ್ಲ, ಅದಕ್ಕೇ ಬರೆದಿದ್ದೇನೆ.

ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನೈದು. ಮದುವೆಯಾಗಿ ಬರುವಾಗ ಮೂಡಲಪಾಳ್ಯದಿಂದ ಅವನನ್ನೂ ಕರೆದುಕೊಂಡೇ ಬಂದೆ. ನಮ್ಮ ಯಜಮಾನರು ಶಾಲೆ ಮೇಷ್ಟ್ರು, ಒಂದು ದಿನವೂ ಬೇಡ ಎನ್ನಲಿಲ್ಲ. ನನಗೆ ಅಕ್ಷರ ಕಲಿಸಿದವರೂ ಅವರೇ. ಅವರು ಟೈಫಾಯ್ಡ್‌ನಲ್ಲಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ಈ ಮನೆಯಲ್ಲಿ ಇರುವುದು ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುವ ನಾನು, ವಿಮಾನ ಕಾರ್ಖಾನೆಯ ಮರಗೆಲಸದ ವಿಭಾಗದಲ್ಲಿರುವ ಅವನು.

ಕಾರ್ಖಾನೆಯಲ್ಲಿ ದಿನವಿಡೀ ವಿಮಾನ ನೋಡಿದ್ದು ಸಾಲದೆ ಜಕ್ಕೂರಿನ ಕ್ಲಬ್ಬಿಗೆ ಹೋಗಿ ಹಾರಿಸುವುದನ್ನೂ ಕಲಿತ. ಅದೂ ಸಾಲಲಿಲ್ಲ. ತನ್ನ ದೇಶಕ್ಕೆ ವಾಪಸು ಹೋದ ಇಂಗ್ಲಿಷಿನವನೊಬ್ಬ ಬಿಚ್ಚದೇ ಬಿಟ್ಟುಹೋಗಿದ್ದ ಪೆಟ್ಟಿಗೆಗಳನ್ನು ಕ್ಲಬ್ಬಿನವರಿಂದ ಕೇಳಿ ತಂದ. ಒಳಗೆ ಒಂದು ಇಡೀ ಚಿಕ್ಕ ವಿಮಾನ, ತುಂಡು ತುಂಡಾಗಿ: ಇಂಜಿನ್, ಕಡ್ಡಿ, ಪ್ಲೈವುಡ್, ಬಟ್ಟೆ, ನಕ್ಷೆ. ಒಬ್ಬನೇ ಕೂರುವಂಥದ್ದು. ಮುನಿವೆಂಕಟಪ್ಪನವರ ಮರದ ಡಿಪೋ ಹಿಂದಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ಕಟ್ಟುತ್ತಿದ್ದಾನೆ. ಒಡಲು ಆಯಿತು, ರೆಕ್ಕೆ ಆಯಿತು. ಬಾಲ ಒಂದು ಬಾಕಿ. ಯುಗಾದಿಯೊಳಗೆ ಶೆಡ್ಡು ಖಾಲಿ ಮಾಡಿ ಎಂದು ಅವರು ಹೇಳಿದ್ದಾರೆ. ಮುಗಿಯದಿದ್ದರೆ ಎಲ್ಲ ಮತ್ತೆ ಪೆಟ್ಟಿಗೆಗೆ.

ಆಸ್ಪತ್ರೆಯಿಂದ ಬಂದವನೇ ಕಾಫಿ ಕುಡಿಯುತ್ತಾ ಕೇಳಿದ.

"ಅಕ್ಕ, ಬಾಲ ನೀನು ಮಾಡ್ತೀಯಾ?"

"ಏನಂದೆ?"

"ನಾನು ಹೇಳ್ಕೊಡ್ತೀನಿ, ನೀನು ಮಾಡು. ನಿನ್ನಷ್ಟು ನೆಟ್ಟಗಿರೋ ಕೈ ನಾನು ಕಾರ್ಖಾನೇಲೂ ನೋಡಿಲ್ಲ."

"ನಾನು ರವಿಕೆ ಹೊಲಿಯೋಳು ಕಣೋ."

"ರವಿಕೆಗಿಂತ ಇದೇ ಸುಲಭ. ಇಲ್ಲಿ ಬಿಗಿ ಆಯ್ತು, ಅಲ್ಲಿ ಸಡಿಲ ಆಯ್ತು ಅಂತ ವಿಮಾನ ನಿನ್ನ ದೂರಲ್ಲ."

ಆಗಲಿ ಎಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮುರಿದ ಕೈಯನ್ನೇ ಎತ್ತಲು ಹೋಗಿ ಅಯ್ಯೋ ಎಂದ. ನಾನು ಯಾಕೆ ಒಪ್ಪಿದೆನೆಂದು ಅವನಿಗೆ ಗೊತ್ತಿಲ್ಲ. ಕೆಲಸ ನನ್ನ ಕೈಯಲ್ಲಿದ್ದರೆ ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ಮಾಡಬಹುದು. ಯುಗಾದಿ ಕಳೆದರೆ ಸಾಕು.

ಜನವರಿ ೯, ಗುರುವಾರ

ನಡುಮನೆಯಲ್ಲಿ ಎರಡು ಬೆಂಚು ಜೋಡಿಸಿ, ಮೇಲೆ ಹಳೆಯ ಬಾಗಿಲಿನ ಹಲಗೆ ಹಾಕಿ ಮೇಜು ಮಾಡಿದೆವು. ಅದರ ಮೇಲೆ ನಕ್ಷೆ ಹಾಸಿದ. ವಿಮಾನದ ಬಾಲವೆಂದರೆ ನಾನು ಹಕ್ಕಿಯ ಬಾಲದ ಹಾಗೆ ಒಂದೇ ತುಂಡು ಎಂದುಕೊಂಡಿದ್ದೆ. ಹಾಗಲ್ಲ. ಅಡ್ಡ ಮಲಗುವ ಎಂಟಡಿಯ ರೆಕ್ಕೆ ಒಂದು, ನೆಟ್ಟಗೆ ನಿಲ್ಲುವ ಚಿಕ್ಕ ರೆಕ್ಕೆ ಒಂದು. ಎರಡರ ಹಿಂದೆಯೂ ಬಾಗಿಲಿನ ಹಾಗೆ ತಿರುಗಾಣಿಯ ಮೇಲೆ ಆಡುವ ತುಂಡುಗಳು. ಅಡ್ಡರೆಕ್ಕೆಯ ಒಳಗೆ ಉದ್ದಕ್ಕೆ ಎರಡು ತೊಲೆ, ತೊಲೆಯಿಂದ ತೊಲೆಗೆ ಹದಿನಾಲ್ಕು ಪಕ್ಕೆಲುಬು. ಪಕ್ಕೆಲುಬು ಎನ್ನುವುದು ಅವನ ಮಾತು. ನೋಡಲು ಹಾಗೇ ಇದೆ, ಮೀನಿನ ಮುಳ್ಳಿನಷ್ಟು ತೆಳ್ಳಗೆ.

"ಇಷ್ಟು ಸಣ್ಣ ಕಡ್ಡಿ ನಿನ್ನ ಹೊರುತ್ತಾ?"

"ಬಾಲ ನನ್ನ ಹೊರಲ್ಲಕ್ಕ. ನನ್ನ ಮೂಗು ಮೇಲಿರಬೇಕೋ ಕೆಳಗಿರಬೇಕೋ ಅಂತ ಹೇಳುತ್ತೆ."

"ಅದು ಮುರಿದ್ರೆ?"

"ಮೂಗು ಕೆಳಗೆ," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಬೇಕೆಂದೇ ನಿಧಾನ ಮಾಡಿದೆ. ಒಂದು ಕಡ್ಡಿಯನ್ನು ನಾಲ್ಕು ಸಲ ಅಳೆದೆ, ಐದನೆಯ ಸಲಕ್ಕೆ ಕತ್ತರಿಸಿದೆ. ಅವನು ಬೇಸರಪಡಲಿಲ್ಲ. "ಹಂಗೇ ಇರಬೇಕು, ಹಂಗೇ," ಎನ್ನುತ್ತಿದ್ದ.

ಜನವರಿ ೧೩, ಸೋಮವಾರ

ಇವತ್ತು ಅಂಟಿನ ಪಾಠ. ಹಾಲಿನಿಂದ ತೆಗೆದ ಒಂದು ಬಗೆಯ ಪುಡಿ, ಮುಟ್ಟಿದರೆ ಹುರಿದ ಅಕ್ಕಿಹಿಟ್ಟಿನ ಹಾಗಿದೆ. ತೂಕ ಮಾಡಿ ತಣ್ಣೀರಿನಲ್ಲಿ ಕಲಸಿ, ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಉಪಯೋಗಿಸಬೇಕು. ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಎಸೆಯಬೇಕು. ಗಟ್ಟಿಯಾಯಿತೆಂದು ಮತ್ತೆ ನೀರು ಬೆರೆಸಬಾರದು. ಇದನ್ನು ಅವನು ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದ.

ಪ್ರತಿ ಸಲ ಕಲಸಿದಾಗಲೂ ಎರಡು ಚೂರು ಮರಕ್ಕೆ ಅದೇ ಅಂಟು ಹಚ್ಚಿ, ತಾರೀಖು ಬರೆದು ಪಕ್ಕಕ್ಕಿಡಬೇಕು. ಮಾರನೆಯ ದಿನ ಅದನ್ನು ಮುರಿದು ನೋಡುವುದು. ಮರ ಸೀಳಿದರೆ ಅಂಟು ಒಳ್ಳೆಯದು. ಅಂಟು ಬಿಟ್ಟುಕೊಂಡರೆ ಆ ದಿನ ಮಾಡಿದ್ದೆಲ್ಲ ಕಿತ್ತು ಹಾಕಬೇಕು. ಇನ್ಸ್‌ಪೆಕ್ಟರು ಬಂದಾಗ ಈ ಚೂರುಗಳನ್ನೆಲ್ಲ ನೋಡುತ್ತಾರಂತೆ.

ನಾಳೆ ಸಂಕ್ರಾಂತಿ. ಎಳ್ಳು ಬೆಲ್ಲ ಇನ್ನೂ ಬೆರೆಸಿಲ್ಲ.

ಜನವರಿ ೧೮, ಶನಿವಾರ

ಬಲಗಡೆಯ ಏಳು ಪಕ್ಕೆಲುಬು ನಿಂತವು. ಇಷ್ಟು ಬೇಗ ಆಗಬಾರದಿತ್ತು. ನಿಧಾನ ಮಾಡಬೇಕೆಂದೇ ಕೂರುತ್ತೇನೆ, ಕೂತ ಮೇಲೆ ಕೈ ಕೇಳುವುದಿಲ್ಲ.

ಜನವರಿ ೨೨, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಅಂಟು ಕಲಸಿದೆ. ಹನುಮಯ್ಯ ಕಾರ್ಖಾನೆಗೆ ಹೋಗಿದ್ದ, ಕೈ ಸರಿಯಾಗುವವರೆಗೂ ಅಲ್ಲಿ ಅವನಿಗೆ ಬರಹವಿಲ್ಲದ ಗುಮಾಸ್ತನ ಕೆಲಸ. ಪರೀಕ್ಷೆಯ ಚೂರು ಅಂಟಿಸಿದೆ. ಎಡಗಡೆಯ ನಾಲ್ಕು ಪಕ್ಕೆಲುಬು ಕೂರಿಸಿದೆ. ಇನ್ನು ಮೂರು ಉಳಿದಿರುವಾಗ ಮೂಡಲಪಾಳ್ಯದಿಂದ ಚಿಕ್ಕಮ್ಮ ಬಂದರು. ಚಿಕ್ಕಲಕ್ಷ್ಮಮ್ಮ ಅಮ್ಮನ ತಂಗಿ. ಉಟ್ಟ ಸೀರೆಯ ಮಡಿಲು ತುಂಬ ಅವರೆಕಾಯಿ. ಕೂತು ಸುಲಿಯತೊಡಗಿದರು, ನಾನೂ ಸುಲಿದೆ.

ಮಾತು ನೇರ ಹನುಮಯ್ಯನ ಮದುವೆಗೆ ಬಂತು. ಕೆಂಗೇರಿಯ ಕಡೆ ಒಂದು ಹುಡುಗಿ ಇದೆಯಂತೆ. ಹುಡುಗಿಯ ತಂದೆ ಕೇಳಿದ್ದು ಒಂದೇ ಪ್ರಶ್ನೆಯಂತೆ: ಹುಡುಗ ಇನ್ನೂ ಹಾರ್ತಾನಾ?

"ಬಿಡಿಸ್ಬೇಕು ಅನ್ನೋಳು ನೀನೇ ಕೂತ್ಕೊಂಡು ಕಟ್ಟಿ ಕೊಡ್ತಾ ಇದೀಯಲ್ಲೇ ಅಕ್ಕಯ್ಯಮ್ಮ," ಎಂದರು, ಆ ಮೇಜಿನ ಕಡೆ ನೋಡಿ. "ನಾಳೆ ಏನಾದ್ರೂ ಆದ್ರೆ, ಅಕ್ಕಯ್ಯಮ್ಮನೇ ಕೈಯಾರ ಕಳಿಸಿದ್ಲು ಅಂತಾರೆ ಜನ."

ನಾನು ಸಿಪ್ಪೆ ಬಾಚಿಕೊಂಡು ಎದ್ದೆ. ಕಾಳು ಹಿದುಕಿ, ಸಾರು ಮಾಡಿ, ಅವರಿಗೆ ಬಡಿಸಿ, ಬಸ್ಸು ಹತ್ತಿಸಿ ಬರುವ ಹೊತ್ತಿಗೆ ಎರಡು ಗಂಟೆ. ಮೂರಕ್ಕೆ ನನ್ನ ಹೊಲಿಗೆ ತರಗತಿ. ಬಟ್ಟಲಿನಲ್ಲಿ ಅಂಟು ರಾಗಿ ಅಂಬಲಿಯ ಹಾಗೆ ಗಟ್ಟಿಯಾಗಿತ್ತು. ಮೂರೇ ಪಕ್ಕೆಲುಬು ಉಳಿದದ್ದು. ಎರಡು ಚಮಚ ನೀರು ಹಾಕಿ ತಿರುವಿದೆ. ಸಡಿಲವಾಯಿತು. ಹಚ್ಚಿದೆ, ಕ್ಲಾಂಪು ಬಿಗಿದೆ, ಓಡಿದೆ.

ಗೊತ್ತಿದ್ದೇ ಮಾಡಿದೆ. ಬಾಯಲ್ಲಿ ಎರಡು ಸಲ ಹೇಳಿಸಿಕೊಂಡಿದ್ದೆನಲ್ಲ.

ಜನವರಿ ೨೩, ಗುರುವಾರ

ಅವನು ಚೂರನ್ನು ಕಾಲಿನ ಕೆಳಗಿಟ್ಟು ಎಡಗೈಯಲ್ಲಿ ಮುರಿದ. ಮರವೇ ಸೀಳಿತು. ಸೊಟ್ಟ ಅಕ್ಷರದಲ್ಲಿ ತಾರೀಖಿನ ಮುಂದೆ "ಸರಿ" ಎಂದು ಬರೆದ.

ಆ ಚೂರು ಬೆಳಿಗ್ಗೆಯ ಅಂಟಿನದು.

ನಾನು ದೋಸೆ ಹುಯ್ಯುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. "ಇನ್ನೊಂದು ಹಾಕ್ಲಾ?" ಎಂದೆ.

ಫೆಬ್ರವರಿ ೨, ಭಾನುವಾರ

ಹತ್ತು ದಿನ ಬರೆದಿಲ್ಲ. ನೆಟ್ಟಗೆ ನಿಲ್ಲುವ ರೆಕ್ಕೆ ಮುಗಿಯಿತು. ತೋಪಡ ಹೊಡೆಯುವುದು ಈಗ ಚೆನ್ನಾಗಿ ಬಂದಿದೆ, ಮರ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಏಳುತ್ತದೆ. ಹೊಲಿಗೆ ತರಗತಿಯ ಹುಡುಗಿಯರು ನನ್ನ ಜಡೆಯಿಂದ ಮರದ ಹೊಟ್ಟು ಆರಿಸಿ ನಗುತ್ತಾರೆ.

ದಿನಕ್ಕೊಂದು ಸಲ ಆ ಮೂರು ಪಕ್ಕೆಲುಬನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತೇನೆ. ಅಲ್ಲಾಡುವುದಿಲ್ಲ. ಬಹುಶಃ ಏನೂ ಆಗಿಲ್ಲ. ಎರಡು ಚಮಚ ನೀರು, ಅಷ್ಟೇ. ಒಬ್ಬಳೇ ಇದ್ದಾಗ ಅದೇ ಮಾತನ್ನು ಹೇಳಿಕೊಳ್ಳುತ್ತೇನೆ.

ಇನ್ನೊಂದು ಯೋಚನೆಯೂ ಬರುತ್ತದೆ. ಅವಸರಕ್ಕೆ ಹಾಗೆ ಮಾಡಿದೆನೋ, ಇದು ಕೆಟ್ಟು ಹೋಗಲಿ ಎಂದು ಒಳಗೆಲ್ಲೋ ಇದ್ದದ್ದು ಆ ನೀರು ಹಾಕಿಸಿತೋ? ನಾನು ಕೆಡಲಿ ಎಂದುಕೊಂಡದ್ದು ಕೆಲಸ. ಕೆಡುವುದು ಯಾವುದು?

ಫೆಬ್ರವರಿ ೧೧, ಮಂಗಳವಾರ

ವಿಮಾನ ಇಲಾಖೆಯ ಇನ್ಸ್‌ಪೆಕ್ಟರು ಗುರುಬಸಪ್ಪನವರು ಬಂದಿದ್ದರು. ಬಟ್ಟೆ ಹೊದಿಸುವ ಮೊದಲು ಒಳಗಿನ ಮರವನ್ನು ಅವರು ನೋಡಿ ಸಹಿ ಹಾಕಬೇಕು. ಐವತ್ತರ ಹತ್ತಿರದವರು, ಮಾತು ಕಡಿಮೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಬಂದು ಮೇಜಿನ ಮುಂದೆ ನಿಂತರು.

ಒಂದೊಂದು ಜಾಗವನ್ನೂ ಪೆನ್ಸಿಲ್ ತುದಿಯಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಬಲಗಡೆ ಏಳು. ಎಡಗಡೆ ಒಂದು, ಎರಡು, ಮೂರು, ನಾಲ್ಕು. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಐದು. ಲೋಟ ಬಿಸಿಯಿತ್ತು, ಕೆಳಗಿಡಲು ತೋಚಲಿಲ್ಲ. ಆರು. ಏಳು. ಎಲ್ಲದಕ್ಕೂ ಒಂದೇ ಸದ್ದು. ಪೆಟ್ಟಿಗೆಯಲ್ಲಿದ್ದ ಚೂರುಗಳನ್ನೂ ನೋಡಿದರು.

"ಯಾರು ಮಾಡಿದ್ದು?"

"ನಮ್ಮಕ್ಕ, ಸಾರ್."

ನನ್ನ ಕಡೆ ತಿರುಗಿದರು. "ಎಲ್ಲಿ ಕಲಿತ್ರಿ ತಾಯಿ?"

"ಇಲ್ಲೇ," ಎಂದೆ. ಲೋಟ ಅವರ ಕೈಗೆ ಕೊಟ್ಟೆ. ಅವರು ಕಾಫಿ ಕುಡಿದು, ಚೆನ್ನಾಗಿದೆ ಎಂದರು. ಕಾಫಿಯೋ ಬಾಲವೋ ತಿಳಿಯಲಿಲ್ಲ. ಸಹಿ ಹಾಕಿ ಹೋದರು.

ಫೆಬ್ರವರಿ ೧೨, ಬುಧವಾರ

ತರಗತಿಯಲ್ಲಿ ಅನಂತಲಕ್ಷ್ಮಿಯ ಲಂಗದ ಬಟ್ಟೆಯನ್ನು ತಪ್ಪು ಕತ್ತರಿಸಿಬಿಟ್ಟೆ. ಒಂಬತ್ತು ವರ್ಷದಲ್ಲಿ ಇದು ಮೊದಲು.

ಫೆಬ್ರವರಿ ೨೦, ಗುರುವಾರ

ಮೊನ್ನೆ ಅವನ ಪ್ಲಾಸ್ಟರ್ ತೆಗೆದರು. ಕೈ ಸಣಕಲಾಗಿದೆ, ಲೋಟ ಹಿಡಿದರೆ ನಡುಗುತ್ತದೆ. ಡಾಕ್ಟರು ದಿನಾ ಚೆಂಡು ಹಿಸುಕಲು ಹೇಳಿದ್ದಾರೆ.

ಬಟ್ಟೆಯ ಕೆಲಸ ನನ್ನದೇ ಕೆಲಸ. ಇಲ್ಲಿ ಅವನು ನನಗೆ ಏನೂ ಹೇಳಿಕೊಡಬೇಕಾಗಿಲ್ಲ. ದಿಂಬಿನ ಗವುಸಿನ ಹಾಗೆ ಹೊಲಿದು ತೊಡಿಸಿ, ಉದ್ದನೆಯ ಸೂಜಿಯಿಂದ ಒಂದೊಂದು ಪಕ್ಕೆಲುಬಿಗೂ ಬಿಗಿದು ಕಟ್ಟಿದೆ. ಎರಡೆರಡು ಅಂಗುಲಕ್ಕೆ ಒಂದು ಗಂಟು. ಆಮೇಲೆ ಡೋಪ್ ಎಂಬ ವಾರ್ನಿಷಿನಂಥ ದ್ರವ. ಮನೆಯೆಲ್ಲ ಕಳಿತ ಬಾಳೆಹಣ್ಣಿನ ವಾಸನೆ, ತಲೆ ತಿರುಗುವಷ್ಟು. ಒಣಗುತ್ತಾ ಒಣಗುತ್ತಾ ಬಟ್ಟೆ ತಮಟೆಯ ಹಾಗೆ ಬಿಗಿಯಾಗುತ್ತದೆ.

ಈಗ ಪಕ್ಕೆಲುಬು ಕಾಣುವುದಿಲ್ಲ. ಕಾಣದಿದ್ದರೆ ಮರೆಯಬಹುದು ಎಂದುಕೊಂಡಿದ್ದೆ. ಈಗ ಹೆಬ್ಬೆರಳಿನಲ್ಲಿ ಒತ್ತಿ ನೋಡುವ ಹಾಗೂ ಇಲ್ಲ. ಬಿಗಿದ ಬಟ್ಟೆ ಹಗಲೂ ಇರುಳೂ ಅವನ್ನು ಎಳೆಯುತ್ತಾ ಇರುತ್ತದೆ.

ಫೆಬ್ರವರಿ ೨೭, ಗುರುವಾರ

ಬಾಲವನ್ನು ಕೈಗಾಡಿಯ ಮೇಲೆ ಹಾಸಿಗೆ ಹಾಸಿ ಶೆಡ್ಡಿಗೆ ಸಾಗಿಸಿದೆವು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಶೆಡ್ಡಿನಲ್ಲಿ ಒಡಲಿಗೆ ಜೋಡಿಸಿದ ಮೇಲೆ ಹನುಮಯ್ಯ ಒಳಗೆ ಹತ್ತಿ ಕೂತು ಹಿಡಿ ಎಳೆದ. ಬಾಲದ ಹಿಂದಿನ ತುಂಡು ಮೇಲೆದ್ದಿತು, ಕೆಳಗಿಳಿಯಿತು. ಪ್ರಾಣ ಬಂದ ಹಾಗೆ.

ಡಿಪೋದ ಮುನಿವೆಂಕಟಪ್ಪನವರು ಅಲ್ಲೇ ನಿಂತಿದ್ದರು.

"ಹೆದ್ರಿಕೆ ಆಗಲ್ವೇನಯ್ಯ ನಿನಗೆ?" ಎಂದು ಕೇಳಿದರು.

"ಆಗುತ್ತೆ ಯಜಮಾನ್ರೇ. ರೆಕ್ಕೆ ನಾನು ಮಾಡಿದ್ದು, ಅದನ್ನ ನೆನೆಸ್ಕೊಂಡ್ರೆ ಒಂದೊಂದ್ಸಲ ನಿದ್ದೆ ಬರಲ್ಲ. ಬಾಲದ ಯೋಚನೆ ಇಲ್ಲ. ಅದು ಅಕ್ಕ ಮಾಡಿರೋದು."

ನಾನು ಹೊರಗೆ ಬಂದು ಮರದ ದಿಮ್ಮಿಯ ಮೇಲೆ ಕೂತೆ.

ಮಾರ್ಚ್ ೧, ಶನಿವಾರ

ಕತ್ತರಿಸಿದೆ.

ಬೆಳಿಗ್ಗೆ ಎಂಟಕ್ಕೆ ನನ್ನ ಹೊಲಿಗೆ ಕತ್ತರಿ ತೆಗೆದುಕೊಂಡು ಅವನ ಜೊತೆ ಶೆಡ್ಡಿಗೆ ಹೋದೆ. ಕತ್ತರಿ ಯಾಕೆಂದು ಅವನು ಕೇಳಿದ, ಬೇಕು ಎಂದೆ. ಅಡ್ಡರೆಕ್ಕೆಯ ಎಡಭಾಗದ ಪಕ್ಕ ನಿಂತೆ. ಹೇಳಿ ಕತ್ತರಿಸಬೇಕೋ ಕತ್ತರಿಸಿ ಹೇಳಬೇಕೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಹೇಳಲು ಹೊರಟರೆ ಮತ್ತೆ ದೋಸೆ ಹಾಕ್ಲಾ ಎಂದೇನು ಎಂದು ಹೆದರಿ ಕತ್ತರಿಯನ್ನೇ ಮೊದಲು ಆಡಿಸಿದೆ. ಬಿಗಿದಿದ್ದ ಬಟ್ಟೆ ಟಪ್ ಎಂದು ಬಾಯಿಬಿಟ್ಟಿತು.

"ಅಕ್ಕಾ! ಏನ್ ಮಾಡ್ತಾ ಇದೀಯಾ? ಹುಚ್ಚಾ ನಿನಗೆ?"

"ಐದನೇದು, ಆರನೇದು, ಏಳನೇದು. ಆವತ್ತು ಚಿಕ್ಕಮ್ಮ ಬಂದಿದ್ರು. ಅಂಟು ಗಟ್ಟಿಯಾಗಿತ್ತು, ನೀರು ಹಾಕ್ದೆ."

ಅವನು ಅರ್ಥವಾಗದವನಂತೆ ನೋಡಿದ. "ಚೂರು ಸರಿ ಇತ್ತಲ್ಲ?"

"ಚೂರು ಬೆಳಿಗ್ಗೆ ಅಂಟಿಸಿದ್ದು. ಇದು ಮಧ್ಯಾಹ್ನ."

ಅವನು ಹತ್ತಿರ ಬಂದ. ಐದನೆಯದನ್ನು ಎಡಗೈಯಲ್ಲಿ ಹಿಡಿದು ಅಲ್ಲಾಡಿಸಿದ, ಬಿಗಿಯಾಗಿತ್ತು. ಆರನೆಯದೂ ಬಿಗಿಯಾಗಿತ್ತು. ಒಂದು ಗಳಿಗೆ ನನಗೆ ಎಂಥ ಆಸೆ ಹುಟ್ಟಿತೆಂದರೆ, ಬರಿದೇ ಕತ್ತರಿಸಿದೆ, ಏನೂ ಆಗಿರಲಿಲ್ಲ ಎಂದು ಕೂಗಬೇಕೆನಿಸಿತು. ಏಳನೆಯದಕ್ಕೆ ಕೈ ಹಾಕಿದ. ಅದು ಸದ್ದೇ ಇಲ್ಲದೆ ಅವನ ಕೈಗೆ ಬಂತು. ಅಂಟು ಇದ್ದ ಜಾಗದಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ. ಮರದ ಒಂದು ನಾರೂ ಎದ್ದಿರಲಿಲ್ಲ.

ಒಡಲಿಗೆ ಎಲ್ಲಕ್ಕಿಂತ ಹತ್ತಿರದ ಪಕ್ಕೆಲುಬು ಅದು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೂವತ್ತೆಂಟು ದಿನ."

"ಇನ್ಸ್‌ಪೆಕ್ಟರ್ ಬಂದಾಗ್ಲೂ ಗೊತ್ತಿತ್ತು."

"ಗೊತ್ತಿತ್ತು."

ಪಕ್ಕೆಲುಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ನಾನು ನೆಲದಲ್ಲಿ ಕೂತು ಅತ್ತೆ, ಆಮೇಲೆ ಎದ್ದು ಉಳಿದ ಎರಡನ್ನೂ ಗರಗಸದಿಂದ ಕೊಯ್ದು ತೆಗೆದೆ. ಬಿಗಿಯಾಗಿದ್ದವು ನಿಜ, ಆದರೆ ಅವನ್ನು ನಂಬಲು ನನಗೆ ಕಾರಣವಿರಲಿಲ್ಲ. ತೊಲೆಯ ಮೇಲಿನ ಹಳೆಯ ಅಂಟನ್ನು ಕೆರೆಯುತ್ತಾ ಇದ್ದಾಗ ಅವನು ಬಂದು ಬಾಗಿಲಲ್ಲಿ ನಿಂತ. ಹನ್ನೊಂದು ಗಂಟೆ ಆಗಿರಬೇಕು.

"ಕೊಡು, ನಾನು ಕೆರೀತೀನಿ."

"ನಿನ್ನ ಕೈ ನಡುಗುತ್ತೆ. ತೊಲೆಗೆ ಗಾಯ ಆಗುತ್ತೆ, ಬಿಡು."

ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಕೇಳಿದ, "ನಾನು ಹಾರೋದು ನಿನಗೆ ಇಷ್ಟ ಇಲ್ಲ ಅಲ್ವಾ?"

"ಇಲ್ಲ."

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬಿಡ್ತಿದ್ಯಾ?"

ಅವನು ನೆಲದ ಮೇಲಿನ ಅಂಟಿನ ಪುಡಿ ಗುಡಿಸಿದ. ಇಬ್ಬರೂ ಮನೆಗೆ ಬಂದೆವು. ಅವನು ಎರಡು ತುತ್ತು ತಿಂದು ಎದ್ದ.

ಮಾರ್ಚ್ ೪, ಮಂಗಳವಾರ

ಗುರುಬಸಪ್ಪನವರಿಗೆ ನಾನೇ ಕಾಗದ ಬರೆದಿದ್ದೆ. ಇವತ್ತು ಶೆಡ್ಡಿಗೆ ಬಂದರು. ಬಿಚ್ಚಿದ ಜಾಗ ನೋಡಿದರು, ಏಳನೆಯ ಪಕ್ಕೆಲುಬಿನ ತುದಿಯ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದರು. ಮುಖ ಕೆಂಪಾಯಿತು.

"ಇದಕ್ಕೆ ನನ್ನ ಸಹಿ ಇದೆ," ಎಂದರು.

"ತಪ್ಪು ನಂದು ಸಾರ್."

"ತಟ್ಟಿ ನೋಡಿದ್ದು ನಾನು, ಸಹಿ ಹಾಕಿದ್ದು ನಾನು. ನಿಮ್ಮ ತಪ್ಪು ನಿಮ್ಮದು, ನನ್ನದು ನನ್ನದು." ಕನ್ನಡಕ ತೆಗೆದು ಒರೆಸಿದರು. "ಯಾರಾದ್ರೂ ನಿಮ್ಮನ್ನ ಕೇಳಿದ್ರಾ?"

"ಇಲ್ಲ."

"ಮತ್ತೆ ಯಾಕೆ ಬಿಚ್ಚಿದ್ರಿ?"

"ಇದರಲ್ಲಿ ಕೂತು ಹೋಗೋನು ನನ್ನ ತಮ್ಮ ಸಾರ್."

"ತಮ್ಮ ಅಲ್ದೇ ಬೇರೆ ಯಾರೋ ಆಗಿದ್ರೆ?"

ಆಗಲೂ ಬಿಚ್ಚುತ್ತಿದ್ದೆ ಎನ್ನಬೇಕಿತ್ತು. "ಬಿಚ್ತಿದ್ದೆ ಅಂತ ಹೇಳೋಕೆ ಧೈರ್ಯ ಸಾಲದು ಸಾರ್," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಇನ್ನು ಮೇಲೆ ಬಿಚ್ತೀರಿ," ಎಂದರು. ಬೈಗುಳವೋ ನಂಬಿಕೆಯೋ ತಿಳಿಯಲಿಲ್ಲ. ಅವರ ಷರತ್ತು: ಎಡಗಡೆ ಪೂರ್ತಿ ಬಟ್ಟೆ ತೆಗೆಯಬೇಕು. ಆ ದಿನ ಅಂಟಿಸಿದ ಏಳನ್ನೂ ಹೊಸದಾಗಿ ಮಾಡಬೇಕು. ಒಂದೊಂದು ಪಕ್ಕೆಲುಬಿಗೂ ಬೇರೆ ಬೇರೆ ಚೂರು. ಬಟ್ಟೆ ಹೊದಿಸುವ ಮೊದಲು ಮರಳು ಮೂಟೆಯ ಪರೀಕ್ಷೆ. ಏನಾಯಿತು, ಯಾಕಾಯಿತು ಎಂಬುದನ್ನು ವಿಮಾನದ ಪುಸ್ತಕದಲ್ಲಿ ನಾನೇ ಕೈಯಾರೆ ಬರೆಯಬೇಕು.

ಬರೆದೆ. ಚಿಕ್ಕಮ್ಮನ ಹೆಸರು ಹಾಕಲಿಲ್ಲ, ಅವರೆಕಾಯಿಯದೂ ಇಲ್ಲ. "ಗಟ್ಟಿಯಾದ ಅಂಟಿಗೆ ನೀರು ಬೆರೆಸಿದೆ" ಎಂದಷ್ಟೇ.

ಮಾರ್ಚ್ ೯, ಭಾನುವಾರ

ಏಳರಲ್ಲಿ ಮೂರು ನಿಂತವು. ಒಂಬತ್ತೂವರೆಗೆ ಚಿಕ್ಕಮ್ಮ ಮನೆಗೆ ಹೋಗಿ, ಬೀಗ ನೋಡಿ, ಶೆಡ್ಡಿಗೇ ಬಂದರು. ಕೆಂಗೇರಿಯವರ ವಿಷಯ.

"ಅಂಟು ಕಲಸಿದೀನಿ ಚಿಕ್ಕಮ್ಮ. ಒಂದು ಗಂಟೆಗೆ ಮಾತಾಡ್ತೀನಿ."

"ಕೈ ತನ್ನ ಪಾಡಿಗೆ ಕೆಲಸ ಮಾಡ್ಲಿ, ಬಾಯಿಗೇನೇ ಆಗಿರೋದು?"

"ಒಂದು ಗಂಟೆಗೆ."

ಅವರು ಸಿಡುಕುತ್ತಾ ದಿಮ್ಮಿಯ ಮೇಲೆ ಕೂತರು. ಒಂದು ಗಂಟೆಯ ಹೊತ್ತಿಗೆ ನಿದ್ದೆ ಹೋಗಿದ್ದರು.

ಹನುಮಯ್ಯ ಇನ್ನೂ ನನ್ನೊಡನೆ ಹೆಚ್ಚು ಮಾತಾಡುವುದಿಲ್ಲ. ಕ್ಲಾಂಪು ಕೇಳಿದರೆ ಕೊಡುತ್ತಾನೆ. ನಾನು ಅಂಟಿಸಿದ ಒಂದೊಂದು ಚೂರನ್ನೂ ತಾನೇ ಮುರಿದು, ಮುರಿದದ್ದನ್ನು ನನ್ನ ಮುಂದಿಡುತ್ತಾನೆ.

ಮಾರ್ಚ್ ೧೭, ಸೋಮವಾರ

ಯುಗಾದಿಗೆ ನಾಲ್ಕೇ ದಿನ. ಮರಳು ಪರೀಕ್ಷೆ ಆಗಬೇಕು, ಬಟ್ಟೆ ಆಗಬೇಕು, ಡೋಪ್ ಒಣಗಬೇಕು. ಆಗುವ ಮಾತಲ್ಲ. ಬೆಳಿಗ್ಗೆ ಮುನಿವೆಂಕಟಪ್ಪನವರ ಮನೆಗೇ ಹೋದೆ. ಅವರು ಪೇಪರು ಓದುತ್ತಿದ್ದರು.

"ಇನ್ನು ಹತ್ತು ದಿನ ಶೆಡ್ಡು ಬೇಕಾಗಿತ್ತು."

"ಮಾತು ಯುಗಾದಿಗೆ ಆಗಿತ್ತಲ್ಲಮ್ಮ. ಗರಗಸದ ಮಿಷನ್ನು ಬಂದು ಬಿಸಿಲಲ್ಲಿ ನಿಂತಿದೆ."

"ನಿಮ್ಮ ಮಿಷನ್ನಿಗೆ ನಾನೇ ಟಾರ್ಪಾಲು ಹೊಲಿದು ಕೊಡ್ತೀನಿ."

ಅವರು ನಕ್ಕರು. "ಈ ವಿಮಾನ ಹಾರ್ಲೇಬೇಕು ಅಂತ ನಿಮಗೆ ನಿಮ್ಮ ತಮ್ಮನಿಗಿಂತ ಜಾಸ್ತಿ ಆಸೆ ಇದ್ದ ಹಾಗಿದೆ," ಎಂದು ಹತ್ತು ದಿನ ಕೊಟ್ಟರು. ನನಗೆ ಅವರೊಡನೆ ಹರಟುವಷ್ಟು ಹೊತ್ತಿರಲಿಲ್ಲ. ಟಾರ್ಪಾಲಿಗೆ ದಪ್ಪ ದಾರ ತರಬೇಕು.

ಮಾರ್ಚ್ ೧೯, ಬುಧವಾರ

ಮರಳು ಪರೀಕ್ಷೆ. ಅಡ್ಡರೆಕ್ಕೆಯನ್ನು ಒಡಲಿಗೆ ಕೂರುವ ಜಾಗದಲ್ಲಿ ಗಟ್ಟಿಯಾಗಿ ಬಿಗಿದು, ಮೇಲೆ ಹಲಗೆ ಹಾಸಿ, ಎರಡೂ ಕಡೆ ಒಂದೊಂದೇ ಮರಳು ಮೂಟೆ ಇಡುತ್ತಾ ಬಂದರು. ಮೂಟೆಗಳನ್ನು ಹೊಲಿದವಳು ನಾನೇ. ಗುರುಬಸಪ್ಪನವರು ಗಟ್ಟಿಯಾಗಿ ಎಣಿಸುತ್ತಿದ್ದರು. ಹತ್ತನೆಯದಕ್ಕೆ ಎಲ್ಲೋ ಕಿರ್ ಎಂದಿತು. ಎಲ್ಲರೂ ನಿಂತೆವು. ನಾನು ಕೆಳಗೆ ನುಗ್ಗಿ ಎಡಗಡೆಯ ಏಳನ್ನೂ, ಬಟ್ಟೆಯ ಮೇಲಿಂದಲೇ ಬಲಗಡೆಯ ಏಳನ್ನೂ ಒಂದೊಂದಾಗಿ ಕೈಯಾಡಿಸಿ ನೋಡಿದೆ.

"ಹಲಗೆ ಕಿರುಗುಟ್ಟಿದ್ದು, ಬಾಲ ಅಲ್ಲ. ಇಡಿ," ಎಂದೆ.

ಹನ್ನೆರಡೂ ಇಟ್ಟರು. ಕಾಲು ಗಂಟೆ ಬಿಟ್ಟರು. ಇಳಿಸಿದಾಗ ರೆಕ್ಕೆ ಮೊದಲಿದ್ದ ಹಾಗೇ ನೆಟ್ಟಗೆ ನಿಂತಿತು. ಹೊರಗೆ ಬಂದಾಗ ಹನುಮಯ್ಯ ಗಾಬರಿಯಿಂದ ಕೇಳಿದ, "ಮೂಟೆ ಮೇಲಿರೋವಾಗ ಯಾಕೆ ಕೆಳಗೆ ಹೋದೆ? ಮುರಿದಿದ್ರೆ?"

ಮುರಿಯುವ ಹಾಗಿರಲಿಲ್ಲವಲ್ಲ ಎಂದೆ. ಮೊದಲಿನ ಹಾಗೆ ನನ್ನೊಡನೆ ಮಾತಾಡಿದ್ದು ಇವತ್ತೇ.

ಮಾರ್ಚ್ ೨೧, ಶುಕ್ರವಾರ

ಯುಗಾದಿ. ಒಬ್ಬಟ್ಟು ಮಾಡಿದೆ. ಮಧ್ಯಾಹ್ನ ಬಟ್ಟೆ ಹೊಲಿದೆ.

ಮಾರ್ಚ್ ೩೦, ಭಾನುವಾರ

ಗುರುವಾರವೇ ರೆಕ್ಕೆ ಬಿಚ್ಚಿ ಲಾರಿಯಲ್ಲಿ ಜಕ್ಕೂರಿಗೆ ಸಾಗಿಸಿದ್ದೆವು. ಕ್ಲಬ್ಬಿನ ಶಿಕ್ಷಕರು ನಿನ್ನೆ ಹನುಮಯ್ಯನನ್ನು ತಮ್ಮ ಜೊತೆ ಬೇರೆ ವಿಮಾನದಲ್ಲಿ ಕರೆದುಕೊಂಡು ಹೋಗಿ, ಕೈಯಲ್ಲಿ ಬಲ ಬಂದಿದೆ ಎಂದು ಒಪ್ಪಿದರು. ಇವತ್ತು ಬೆಳಿಗ್ಗೆ ಆರೂವರೆಗೆ ಗುರುಬಸಪ್ಪನವರು ಕೊನೆಯ ಸಲ ಸುತ್ತ ನೋಡಿ, ಪುಸ್ತಕ ನನ್ನ ಮುಂದೆ ಹಿಡಿದರು. "ಬಾಲಕ್ಕೆ ನೀವು ಮೊದಲು ಹಾಕಿ, ಆಮೇಲೆ ನಾನು," ಎಂದರು. ಹಾಕಿದೆ.

ಏಳು ಗಂಟೆಗೆ ವಿಮಾನ ಎದ್ದಿತು. ಹುಲ್ಲಿನ ಮೇಲೆ ಕುಣಿಯುತ್ತಾ ಓಡಿ, ಮೊದಲು ಬಾಲ ಎತ್ತಿತು, ಆಮೇಲೆ ಚಕ್ರ. ಎಲ್ಲರೂ ಕೈ ಬೀಸಿ ಕೂಗಿದರು. ಚಿಕ್ಕಮ್ಮ ಬರುವುದಿಲ್ಲ ಎಂದು ಹೇಳಿಯೂ ಬಂದಿದ್ದರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಹೋದ್ನಾ? ಇದಾನಾ?" ಎನ್ನುತ್ತಲೇ ಇದ್ದರು. ನಾನು ಅಡ್ಡರೆಕ್ಕೆಯನ್ನೇ ನೋಡುತ್ತಿದ್ದೆ. ತಿರುಗುವಾಗ ನೆಟ್ಟಗಿತ್ತು, ಇಳಿಯುವಾಗಲೂ ನೆಟ್ಟಗಿತ್ತು. ಹನ್ನೊಂದು ನಿಮಿಷ.

ಇಳಿದು ಬಂದವನ ಮುಖ ನೋಡಬೇಕಿತ್ತು. ಬರೀ ನಗು. ಕೊನೆಗೆ, "ಸ್ವಲ್ಪ ಎಡಕ್ಕೆ ಎಳೀತಾ ಇದೆ ಅಕ್ಕ," ಎಂದ.

"ಅದು ನಿನ್ನ ರೆಕ್ಕೆದು. ನನ್ನ ಬಾಲದ್ದಲ್ಲ."

ಸಂಜೆ ಗಾಳಿ ಇಳಿದ ಮೇಲೆ ಇನ್ನೊಂದು ಸಲ ಹೋಗುತ್ತೇನೆ ಎಂದ. ಎಲ್ಲರೂ ಆಗಲಿ ಎಂದರು. ನಾನು ಆಗಲೇ ಬಾಲದ ಹತ್ತಿರ ಮಂಡಿಯೂರಿ ಕೂತಿದ್ದೆ. ಹಿಂದಿನ ತುಂಡಿನ ತಿರುಗಾಣಿಯ ಒಂದು ತಿರುಪುಮೊಳೆ ಕೂದಲೆಳೆಯಷ್ಟು ಸಡಿಲವಾಗಿತ್ತು. ಅದು ಸಡಿಲವಾಗದಂತೆ ಕಾಯುವ ಸಣ್ಣ ತಂತಿ ಇಳಿಯುವಾಗಿನ ಕುಲುಕಿಗೆ ತುಂಡಾಗಿರಬೇಕು.

"ಇವತ್ತು ಬೇಡ. ಇದಕ್ಕೆ ಹೊಸ ತಂತಿ ಬೇಕು," ಎಂದೆ.

ಅವನು ಬಗ್ಗಿ ನೋಡಿದ. "ಹೂಂ," ಎಂದು ಹೆಲ್ಮೆಟ್ಟು ಬಿಚ್ಚಿ ಒಳಗಿಟ್ಟ. ಒಂದು ಮಾತು ವಾದಿಸಲಿಲ್ಲ.

ಮಾರ್ಚ್ ೩೧, ಸೋಮವಾರ

ಸಮಾಜಕ್ಕೆ ರಜೆ ಹೇಳಿ ಕಳಿಸಿ ಮೊದಲ ಬಸ್ಸಿಗೆ ಇಬ್ಬರೂ ಹೋದೆವು. ತಂತಿ ಬದಲಾಯಿಸಿದೆ. ಆ ಮೊಳೆಯನ್ನೂ, ಉಳಿದ ಐದನ್ನೂ ಬಿಗಿ ಮಾಡಿದೆ. ಅಡ್ಡರೆಕ್ಕೆಯ ಕೆಳಗೆ ಕೈ ಹಾಕಿ ತುದಿಯಿಂದ ತುದಿಗೆ ಸವರಿದೆ. ಹಿಂದಿನ ತುಂಡನ್ನು ಎತ್ತಿ ಇಳಿಸಿ ಸದ್ದು ಕೇಳಿದೆ. ಅವನು ಒಳಗೆ ಕೂತು ನನ್ನನ್ನೇ ನೋಡುತ್ತಿದ್ದ. ಗಾಳಿ ಇರಲಿಲ್ಲ, ಹುಲ್ಲಿನ ಮೇಲೆ ಮಂಜು ಇನ್ನೂ ಆರಿರಲಿಲ್ಲ.

ಎದ್ದು, ಕೈ ಒರೆಸಿಕೊಂಡು, ಪಕ್ಕಕ್ಕೆ ಸರಿದು ನಿಂತೆ.

"ಈಗ ಹೋಗು," ಎಂದೆ.